ಸಿಟ್ಟನ್ನು ಹೊತ್ತು ತಿರುಗದ ದಿವಾನರು

ಅನುಗೊಂಡನಹಳ್ಳಿಯ ಹಿರಿಯರೊಬ್ಬರು ಇತ್ತೀಚೆಗೆ ನಮ್ಮನ್ನು ಕಾಣಲು ಬಂದಿದ್ದರು. ಅಣ್ಣತಮ್ಮಂದಿರ ನಡುವಿನ ಜಮೀನಿನ ತಕರಾರು ವರ್ಷಗಳಿಂದ ಅವರ ಎದೆಯಲ್ಲಿ ಕುದಿಯುತ್ತಿದೆ. ರಕ್ತದೊತ್ತಡದ ಮಾತ್ರೆ ಒಂದಿದ್ದದ್ದು ಎರಡಾಗಿದೆ, ನಿದ್ರೆ ದೂರವಾಗಿದೆ. ಸಿಟ್ಟನ್ನೆಲ್ಲ ನುಂಗಿಕೊಂಡೇ ಬಾಳುತ್ತಿರುವ ತಮಗೆ ಈ ಗತಿ ಏಕೆಂಬುದು ಅವರ ಅಳಲು. ಆಗ ನಮಗೆ ನೆನಪಾದವರು ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು.

1861ರಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮುಂಬಯಿ ಪ್ರಾಂತದಲ್ಲಿ ಇಂಜಿನಿಯರಾಗಿ ಹೆಸರು ಗಳಿಸಿ, 1909ರಲ್ಲಿ ಮೈಸೂರಿಗೆ ಬಂದು, 1912ರಲ್ಲಿ ದಿವಾನರಾದರು. ಕನ್ನಂಬಾಡಿಯ ಕಥೆ ಎಲ್ಲರಿಗೂ ತಿಳಿದದ್ದೇ. ನಾವು ಹೇಳಹೊರಟಿರುವುದು 1918ರ ಮಾತು.

ಬ್ರಾಹ್ಮಣೇತರ ಸಮುದಾಯಗಳಿಗೆ ಸರಕಾರಿ ಹುದ್ದೆಗಳಲ್ಲಿ ತಕ್ಕ ಪಾಲು ದೊರೆಯಬೇಕೆಂಬ ಬೇಡಿಕೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಮನ್ನಿಸಿ, ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲೆಂದು ನಂಬಿದ್ದ ದಿವಾನರು ಇದನ್ನು ಒಪ್ಪಲಿಲ್ಲ. (ನ್ಯಾಯ ಮಹಾರಾಜರ ಕಡೆಗಿತ್ತೆಂದೇ ನಮ್ಮ ಎಣಿಕೆ. ಆದರೆ ತಾನೇ ಸರಿಯೆಂದು ನಂಬಿದವನ ಸಿಟ್ಟು ಕಡಿಮೆಯಾದೀತೆ?) ಅವರು ತಮ್ಮ ಭಿನ್ನಾಭಿಪ್ರಾಯವನ್ನು ಮರೆಮಾಚದೆ ಅಧಿಕಾರ ತ್ಯಜಿಸಿದರು.

ಕೋಪ ಬಂದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ. ಅಪಾಯ ಕಳೆದೊಡನೆ ಇಳಿಯಬೇಕಾದ ಈ ಏರಿಕೆ, ಅವಮಾನವನ್ನು ಮೆಲುಕು ಹಾಕಿದಾಗಲೆಲ್ಲ ಮರುಕಳಿಸುತ್ತದೆ. ಕೂಗಾಡಿದರೆ ತಣಿಯುವುದೆಂಬುದೂ ಭ್ರಮೆ. ಕೂಗಾಟ ಕೋಪವನ್ನು ಇನ್ನಷ್ಟು ಕೆರಳಿಸುವುದೇ ಹೆಚ್ಚು. ಕೋಪವನ್ನೇ ದೋಷವೆನ್ನದೆ, ಯಾರ ಮೇಲೆ, ಎಷ್ಟು, ಎಷ್ಟು ಕಾಲ ಎಂದು ವಿಚಾರಿಸಿದ ಅರಿಸ್ಟಾಟಲನಿಗೆ ಈ ರಸಗಳ ಹೆಸರು ತಿಳಿದಿರಲಿಲ್ಲ, ಆದರೆ ಮನುಷ್ಯ ತಿಳಿದಿದ್ದ. ನಮ್ಮ ಹಿರಿಯರು ಸಿಟ್ಟನ್ನು ನುಂಗಿರಲಿಲ್ಲ, ಬಾಯಲ್ಲಿಟ್ಟುಕೊಂಡು ಜಗಿಯುತ್ತಿದ್ದರು.

ವಿಶ್ವೇಶ್ವರಯ್ಯನವರು ಹಾಗೆ ಮಾಡಲಿಲ್ಲ. ವಿದೇಶಗಳಿಗೆ ಹೋಗಿ ಅಲ್ಲಿನ ಕೈಗಾರಿಕೆಗಳನ್ನು ಕಂಡುಬಂದರು. ದೇಶದ ಪುನರ್ನಿರ್ಮಾಣವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1920ರಲ್ಲಿ ಪ್ರಕಟವಾಯಿತು. ನಡಿಗೆ, ಮಿತವಾದ ಆಹಾರ, ಗಡಿಯಾರಕ್ಕೆ ಕಟ್ಟಿದ ದಿನಚರಿ ಎಂದಿನಂತೆ ಮುಂದುವರಿದವು. ಅವರು ನೂರು ವರ್ಷ ಬಾಳಿ 1962ರಲ್ಲಿ ತೀರಿಕೊಂಡದ್ದು ಇದರಿಂದಲೇ ಎಂದು ನಾವು ಹೇಳಲಾರೆವು. ಆಯುಷ್ಯಕ್ಕೆ ಕಾರಣಗಳು ಹಲವು. ಆದರೆ 1923ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದೇ ಮೈಸೂರು ಸರಕಾರದಿಂದ ಕರೆ ಬಂತು. ಹಳೆಯ ಲೆಕ್ಕ ತೆಗೆಯದೆ ಹೋದರು; 1929ರವರೆಗೆ ಅದರ ಹೊಣೆ ಹೊತ್ತರು.

ಇಷ್ಟನ್ನು ಹೇಳಿ, ವೈದ್ಯರ ಮಾತ್ರೆ ಬಿಡಬೇಡಿರೆಂದೂ, ತಮ್ಮನೊಡನೆ ಹೇಳಬೇಕಾದುದನ್ನು ನಾಲ್ವರು ಹಿರಿಯರ ಮುಂದೆ ಒಮ್ಮೆ ಹೇಳಿಬಿಡಿರೆಂದೂ ಆ ಹಿರಿಯರಿಗೆ ತಿಳಿಸಿದೆವು. ಅವರು ಮರುಮಾತಾಡಲಿಲ್ಲ. ಬಾಗಿಲ ಬಳಿ ನಿಂತು, ಭದ್ರಾವತಿಯ ಸಂಬಳವನ್ನು ದಿವಾನರು ಏನು ಮಾಡಿದರೆಂದು ಮಾತ್ರ ಕೇಳಿದರು. ತಮಗೆ ಸಲ್ಲಬೇಕಿದ್ದ ಹಣದಿಂದ ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದನ್ನು ತೆರೆಯಿಸಿ, ಅದಕ್ಕೆ ತಮ್ಮ ಹೆಸರು ಬೇಡವೆಂದು, ಅದೇ ರಾಜಮನೆತನದ ಜಯಚಾಮರಾಜೇಂದ್ರರ ಹೆಸರನ್ನು ಇರಿಸಿದರೆಂದು ಹೇಳಿದೆವು.