ಕಮ್ಮಾರನ ಮಗ ಸೊಯಿಚಿರೋ ಹೋಂಡಾ

ಕೋಲಾರದಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರಿಗೆ ನರಸಾಪುರದ ಕೈಗಾರಿಕಾ ಪ್ರದೇಶವು ಚಿರಪರಿಚಿತವಾದುದು. ರಾಗಿ, ಹಿಪ್ಪುನೇರಳೆ, ಟೊಮ್ಯಾಟೊಗಳಿಗೆ ಹೆಸರಾದ ಈ ಕೆಮ್ಮಣ್ಣಿನ ಸೀಮೆಯಲ್ಲಿ 2013ನೆಯ ಇಸವಿಯಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ಭಾರತದಲ್ಲಿನ ತನ್ನ ಮೂರನೆಯ ದ್ವಿಚಕ್ರ ವಾಹನ ಕಾರ್ಖಾನೆಯನ್ನು ತೆರೆಯಿತು. ವರ್ಷಕ್ಕೆ 12 ಲಕ್ಷ ವಾಹನಗಳನ್ನು ತಯಾರಿಸುವ ಸಾಮರ್ಥ್ಯದೊಡನೆ ಆರಂಭವಾದ ಆ ಕಾರ್ಖಾನೆ ಮುಂದೆ ಇನ್ನಷ್ಟು ವಿಸ್ತಾರಗೊಂಡಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬೀದಿಗಳಲ್ಲಿ ಈ ಹೆಸರನ್ನು ಹೊತ್ತ ವಾಹನಗಳು ದಿನವೂ ಎಣಿಕೆಗೆ ಸಿಗದಷ್ಟು ಓಡಾಡುತ್ತವೆ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದೂ, ಆ ಮನುಷ್ಯನು ಹಳ್ಳಿಯ ಕುಲುಮೆಯೊಂದರ ಮುಂದೆ ಬೆಳೆದವನೆಂಬುದೂ ಬಹಳ ಮಂದಿಗೆ ತಿಳಿಯದು. ಆತನ ಜೀವನವನ್ನು ನಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರೂ ಅರಿಯುವುದು ಉಚಿತವೆಂದು ಭಾವಿಸಿ ಈ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ಮಾಡಿಕೊಡಲಾಗಿದೆ.

ಬಾಲ್ಯ

ಸೊಯಿಚಿರೋ ಹೋಂಡಾ ಅವರು 1906ನೆಯ ನವೆಂಬರ್ 17ರಂದು ಜಪಾನಿನ ಶಿಜುವೋಕಾ ಪ್ರಾಂತದ ಹಮಾಮತ್ಸು ನಗರದ ಸಮೀಪದಲ್ಲಿರುವ ಕೊಮ್ಯೊ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಗಿಹೇ ಕಮ್ಮಾರರು. ತಾಯಿ ಮಿಕಾ ನೇಯ್ಗೆ ಬಲ್ಲವರು. ತಂದೆಯು ಕಾಲಕ್ರಮದಲ್ಲಿ ಸೈಕಲ್ಲುಗಳ ದುರಸ್ತಿಯನ್ನೂ ಕೈಗೊಂಡುದರಿಂದ ಬಾಲಕನಿಗೆ ಸುತ್ತಿಗೆ, ಇಕ್ಕಳ, ಅರಗಳೇ ಆಟಿಕೆಗಳಾದವು. ಹಳ್ಳಿಗೆ ಮೊದಲ ಬಾರಿಗೆ ಮೋಟಾರು ಗಾಡಿ ಬಂದಾಗ ಹುಡುಗನು ಅದರ ಹಿಂದೆ ಓಡಿದನಲ್ಲದೆ, ಅದು ನಿಂತೆಡೆಯಲ್ಲಿ ಸುರಿದ ಎಣ್ಣೆಯ ವಾಸನೆಯನ್ನು ಜೀವನಪರ್ಯಂತ ಮರೆಯಲಿಲ್ಲ. 1917ರಲ್ಲಿ ಹಮಾಮತ್ಸುವಿನಲ್ಲಿ ಅಮೆರಿಕದ ವಿಮಾನ ಚಾಲಕ ಆರ್ಟ್ ಸ್ಮಿತ್ ಪ್ರದರ್ಶನ ನೀಡಿದಾಗ, ಮನೆಯವರಿಗೆ ತಿಳಿಸದೆ ತಂದೆಯ ದೊಡ್ಡ ಸೈಕಲ್ಲನ್ನೇರಿ ಅಲ್ಲಿಗೆ ಹೋದ ಬಾಲಕನು, ಪ್ರವೇಶಕ್ಕೆ ಕೈಯಲ್ಲಿದ್ದ ಹಣ ಸಾಲದೆ ಮರವೊಂದನ್ನು ಹತ್ತಿ ವಿಮಾನವನ್ನು ನೋಡಿ ಬಂದನು.

ಶಾಲೆಯ ಪಾಠಗಳಲ್ಲಿ ಆತನಿಗೆ ಅಂತಹ ಆಸಕ್ತಿ ಇರಲಿಲ್ಲ. ಅಂಕಪಟ್ಟಿಗೆ ಮನೆಯ ಮುದ್ರೆಯನ್ನು ಒತ್ತಿಸಿ ತರಬೇಕೆಂಬ ನಿಯಮವಿತ್ತು. ಸೈಕಲ್ ಪೆಡಲಿನ ರಬ್ಬರನ್ನು ಕೊರೆದು ಆತನು ತಾನೇ ಮುದ್ರೆಯನ್ನು ಮಾಡಿಕೊಂಡನು. ಹೋಂಡಾ ಎಂಬ ಹೆಸರಿನ ಜಪಾನೀ ಅಕ್ಷರಗಳು ಎಡಬಲ ಸಮನಾಗಿರುವುದರಿಂದ ಅದು ಸರಿಯಾಗಿಯೇ ಮೂಡಿತು. ಗೆಳೆಯರಿಗೂ ಮಾಡಿಕೊಟ್ಟಾಗ, ಮುದ್ರೆಯಲ್ಲಿ ಅಕ್ಷರಗಳನ್ನು ತಿರುಗು ಮುರುಗಾಗಿ ಕೊರೆಯಬೇಕೆಂಬುದು ತಿಳಿಯದ ಕಾರಣ ಗುಟ್ಟು ರಟ್ಟಾಯಿತು. ಅಧ್ಯಾಪಕರಿಗೆ ಇದು ತಂಟೆಯೇ ಸರಿ. ಆದರೆ ಅದರೊಳಗೆ ಅಡಗಿದ್ದ ಕೈಚಳಕವನ್ನು ಗುರುತಿಸುವ ಕಣ್ಣು ಸಹ ಅಧ್ಯಾಪಕನಿಗೆ ಇರಬೇಕಾದುದೇ.

ಕಾರ್ಯಾಗಾರದ ಶಿಕ್ಷಣ

1922ರಲ್ಲಿ ಶಾಲೆಯನ್ನು ಮುಗಿಸಿದ ಹೋಂಡಾ ಟೋಕಿಯೋ ನಗರದ ಆರ್ಟ್ ಶೋಕೈ ಎಂಬ ಮೋಟಾರು ದುರಸ್ತಿ ಅಂಗಡಿಯನ್ನು ಸೇರಿದರು. ಯಂತ್ರವನ್ನು ಮುಟ್ಟುವ ಆಸೆಯಿಂದ ಬಂದವರಿಗೆ ಮೊದಲು ದೊರೆತದ್ದು ಕಸ ಗುಡಿಸುವ ಮತ್ತು ಒಡೆಯನ ಮಗುವನ್ನು ಎತ್ತಿಕೊಳ್ಳುವ ಕೆಲಸ. ಮನೆಗೆ ಮರಳುವ ಯೋಚನೆ ಬಂದರೂ ತಾಳಿಕೊಂಡರು. ಕೆಲಸ ಹೆಚ್ಚಿದ ಒಂದು ದಿನ ಕೈಗೆ ಸ್ಪ್ಯಾನರ್ ಬಂದಿತು. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದಲ್ಲಿ ಟೋಕಿಯೋ ಬೆಂದು ಹೋಯಿತು. ಆ ಬಳಿಕ ಸುಟ್ಟ ವಾಹನಗಳನ್ನು ಮತ್ತೆ ಓಡುವಂತೆ ಮಾಡುವ ಕೆಲಸದಲ್ಲಿ ಈ ತರುಣನು ಪಳಗಿದನು. ಒಡೆಯ ಯುಜೋ ಸಕಾಕಿಬಾರಾ ಅವರು ವಿಮಾನದ ಹಳೆಯ ಎಂಜಿನ್ನಿನಿಂದ ಕಟ್ಟಿದ ಪಂದ್ಯದ ಕಾರು 1924ರಲ್ಲಿ ಗೆದ್ದಾಗ, ಅದರಲ್ಲಿ ಮೆಕ್ಯಾನಿಕ್ಕಾಗಿ ಕುಳಿತಿದ್ದವರು ಹೋಂಡಾ. 1928ರಲ್ಲಿ ಅದೇ ಅಂಗಡಿಯ ಹೆಸರಿನಲ್ಲಿ ಹಮಾಮತ್ಸುವಿನಲ್ಲಿ ಶಾಖೆಯನ್ನು ತೆರೆಯುವ ಅನುಮತಿಯೂ ಅವರಿಗೆ ದೊರೆಯಿತು. ಮರದ ಅರೆಕಾಲುಗಳ ಬದಲಾಗಿ ಎರಕದ ಕಬ್ಬಿಣದ ಅರೆಕಾಲುಗಳನ್ನು ರೂಪಿಸಿ ಪೇಟೆಂಟನ್ನು ಪಡೆದುದು ಈ ಕಾಲದಲ್ಲಿಯೇ. 1936ರಲ್ಲಿ ಟಾಮಾಗಾವಾ ಪಂದ್ಯದಲ್ಲಿ ಅವರ ಕಾರು ಅಪಘಾತಕ್ಕೀಡಾಗಿ, ಅವರೂ ಜೊತೆಯಲ್ಲಿದ್ದ ತಮ್ಮ ಬೆಂಜಿರೋ ಅವರೂ ಗಾಯಗೊಂಡರು.

ಉಂಗುರದ ಪಾಠ

ದುರಸ್ತಿಯಿಂದ ತಯಾರಿಕೆಗೆ ಏರಬೇಕೆಂಬ ಹಂಬಲದಿಂದ ಹೋಂಡಾ ಪಿಸ್ಟನ್ ಉಂಗುರಗಳ ತಯಾರಿಕೆಗೆ ಕೈಹಾಕಿದರು. ಎಂಜಿನ್ನಿನಲ್ಲಿ ಪಿಸ್ಟನ್ನಿನ ಸುತ್ತ ಕೂರುವ ಈ ಸಣ್ಣ ಉಂಗುರವು ಉರಿದ ಅನಿಲವು ಸೋರದಂತೆ ತಡೆಯುತ್ತದೆ; ಪಿಸ್ಟನ್ನಿನ ಶಾಖವನ್ನು ಸಿಲಿಂಡರಿನ ಗೋಡೆಗೆ ದಾಟಿಸುತ್ತದೆ. ನೋಡಲು ಅತ್ಯಲ್ಪವಾದ ವಸ್ತು. ಮಾಡಲು ಅತಿ ಕಠಿಣ. ಹಗಲಿರುಳು ದುಡಿದರೂ ಉಂಗುರಗಳು ಗಡುಸಾಗಿ ಬಿರುಕು ಬಿಡುತ್ತಿದ್ದವು. ಲೋಹದಲ್ಲಿ ಸಿಲಿಕಾನಿನ ಅಂಶ ಸಾಲದೆಂಬುದು ಶಾಲೆಯ ತಜ್ಞರಿಂದ ತಿಳಿದುಬಂದಾಗ, ತಮ್ಮ ಅಜ್ಞಾನದ ಅರಿವಾಗಿ, ಮೂವತ್ತು ದಾಟಿದ ಆ ಅಂಗಡಿಯೊಡೆಯರು ಹಮಾಮತ್ಸುವಿನ ತಾಂತ್ರಿಕ ಶಾಲೆಯಲ್ಲಿ ಹುಡುಗರ ನಡುವೆ ಕುಳಿತು ಪಾಠ ಕೇಳಿದರು. ಬೇಕಾದ ವಿಷಯವನ್ನು ಮಾತ್ರ ಕಲಿತು ಪರೀಕ್ಷೆಗೆ ಕೂರದಿದ್ದುದರಿಂದ ಶಾಲೆಯು ಅವರಿಗೆ ಪ್ರಮಾಣಪತ್ರವನ್ನು ನೀಡಲಿಲ್ಲ. ಟೊಯೋಟಾ ಸಂಸ್ಥೆಯು ಪರೀಕ್ಷಿಸಿದ 50 ಉಂಗುರಗಳಲ್ಲಿ ಉತ್ತೀರ್ಣವಾದವು ಕೇವಲ 3. ಮತ್ತೂ ಕಲಿತು, ತಿದ್ದಿ, ಕೊನೆಗೆ ಅದೇ ಸಂಸ್ಥೆಗೆ ಅವರು ಉಂಗುರಗಳನ್ನು ಪೂರೈಸಿದರು.

ಹಳೆಯ ಜಪಾನೀ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸುವ ನಮ್ಮ ಊರುಗಳ ಮೆಕ್ಯಾನಿಕ್ಕರಿಗೆ ಈ ಪಾಠವು ಹೊಸದಲ್ಲ. 1984ರಲ್ಲಿ ಮಾಲೂರಿನ ನೆರೆಯ ಹೊಸೂರಿನಿಂದ ಇಂಡ್-ಸುಜುಕಿ ಹೊರಬಂದಿತು. 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಹಾಗೂ ಎಸ್ಕಾರ್ಟ್ಸ್ ಸಂಸ್ಥೆಯ ಯಮಾಹಾ ಆರ್.ಎಕ್ಸ್. 100, ಅದರ ಬೆನ್ನಿಗೆ ಬಜಾಜ್ ಸಂಸ್ಥೆಯ ಕವಾಸಾಕಿ ಕೆ.ಬಿ. 100 ಬಂದವು. ಅಂದಿನ ಆ ಬಂಡಿಗಳನ್ನು ಇಂದು ಪ್ರೀತಿಯಿಂದ ಹುಡುಕಿ ತಂದು ಜೀರ್ಣೋದ್ಧಾರ ಮಾಡುವವರು ಉಂಟು. ಎಂಜಿನ್ನಿನ ಬಲ ಕುಗ್ಗಿದರೆ ಮೊದಲು ನೋಡುವುದು ಸವೆದ ಉಂಗುರವನ್ನು. ಸಿಲಿಂಡರು ಸವೆದಿದ್ದರೆ ಕಾಲು ಮಿಲಿಮೀಟರಿನಷ್ಟು ಕೊರೆದು, ಅಷ್ಟೇ ದೊಡ್ಡದಾದ ಪಿಸ್ಟನ್ನನ್ನೂ ಉಂಗುರವನ್ನೂ ಕೂರಿಸುತ್ತಾರೆ. ಹೀಗೆ ಕೊರೆಯುತ್ತ ಹೋದರೆ ಗೋಡೆ ತೆಳುವಾಗುವುದರಿಂದ ಪ್ರತಿಯೊಂದು ಬಾರಿಯೂ ಎಚ್ಚರ ಬೇಕು. ಅವಸರದಲ್ಲಿ ಒರಟಾಗಿ ಕೊರೆದ ಸಿಲಿಂಡರನ್ನು ಬಣ್ಣ ಬಳಿದ ಟ್ಯಾಂಕು ಕಾಪಾಡಲಾರದು. ಹೊಳಪಿಗಿಂತ ಒಳಗಿನ ಅಳತೆ ಮುಖ್ಯವೆಂಬುದನ್ನು ಹೋಂಡಾ ತಮ್ಮ ಸೋಲುಗಳಿಂದ ಕಲಿತರು.

ಯುದ್ಧದ ಬೂದಿಯಿಂದ

ಎರಡನೆಯ ಮಹಾಯುದ್ಧದಲ್ಲಿ ಅವರ ಒಂದು ಕಾರ್ಖಾನೆಯು ಬಾಂಬಿನಿಂದ ನಾಶವಾಯಿತು. ಇನ್ನೊಂದು 1945ರ ಜನವರಿಯ ಭೂಕಂಪದಲ್ಲಿ ಕುಸಿಯಿತು. ಯುದ್ಧಾನಂತರ ಅಳಿದುಳಿದುದನ್ನು ಟೊಯೋಟಾ ಸಂಸ್ಥೆಗೆ ನಾಲ್ಕೂವರೆ ಲಕ್ಷ ಯೆನ್‌ಗೆ ಮಾರಿ, ಒಂದು ವರ್ಷ ಯಾವ ಉದ್ಯೋಗವನ್ನೂ ಹಿಡಿಯದೆ ಕಳೆದರು. 1946ರ ಅಕ್ಟೋಬರಿನಲ್ಲಿ ಹಮಾಮತ್ಸುವಿನ ಸಣ್ಣ ಷೆಡ್ಡೊಂದರಲ್ಲಿ ಸಂಶೋಧನಾ ಕಾರ್ಯಾಗಾರವನ್ನು ಆರಂಭಿಸಿದರು. ಸೈನ್ಯವು ಬಿಟ್ಟುಹೋದ ರೇಡಿಯೋ ಉಪಕರಣಗಳ ಪುಟ್ಟ ಎಂಜಿನ್ನುಗಳು ಅವರ ಕಣ್ಣಿಗೆ ಬಿದ್ದವು. ಅವುಗಳನ್ನು ಸೈಕಲ್ಲಿಗೆ ಅಳವಡಿಸಿದರು. ಮೊದಲ ಬಂಡಿಗೆ ಬಿಸಿನೀರಿನ ತಗಡಿನ ಸೀಸೆಯೇ ಇಂಧನದ ಟ್ಯಾಂಕಾಯಿತು. ಅದನ್ನು ಓಡಿಸಿ ನೋಡಿದವರಲ್ಲಿ ಪತ್ನಿ ಸಾಚಿ ಅವರೂ ಒಬ್ಬರು. ರೈಲುಗಳು ಕಿಕ್ಕಿರಿದಿದ್ದ, ಆಹಾರಕ್ಕಾಗಿ ಜನ ಹಳ್ಳಿಗಳಿಗೆ ಅಲೆಯುತ್ತಿದ್ದ ಆ ದಿನಗಳಲ್ಲಿ ಈ ಬಂಡಿಗಳು ಬಿಸಿಬಿಸಿಯಾಗಿ ಮಾರಾಟವಾದವು. ಸೈನ್ಯದ ಎಂಜಿನ್ನುಗಳು ಮುಗಿದ ಬಳಿಕ 1947ರಲ್ಲಿ ತಮ್ಮದೇ ಎಂಜಿನ್ನನ್ನು ತಯಾರಿಸಿದರು.

1948ರ ಸೆಪ್ಟೆಂಬರ್ 24ರಂದು ಹತ್ತು ಲಕ್ಷ ಯೆನ್ ಬಂಡವಾಳ ಹಾಗೂ 34 ಮಂದಿ ನೌಕರರೊಡನೆ ಹೋಂಡಾ ಮೋಟಾರ್ ಕಂಪನಿಯು ಸ್ಥಾಪಿತವಾಯಿತು. ಮರುವರ್ಷ ಡ್ರೀಮ್ ಎಂಬ 98 ಸಿ.ಸಿ. ಮೋಟಾರ್ ಸೈಕಲ್ ಹೊರಬಂದಿತು. ಅದೇ 1949ರಲ್ಲಿ ತಕೆಯೋ ಫುಜಿಸಾವಾ ಅವರು ಜೊತೆಗೂಡಿದರು. ಯಂತ್ರವು ಹೋಂಡಾರ ಹೊಣೆ. ಹಣ ಮತ್ತು ಮಾರಾಟ ಫುಜಿಸಾವಾರ ಹೊಣೆ. ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಕೈಹಾಕದ ಈ ಮೈತ್ರಿಯು ಕಾಲು ಶತಮಾನ ಬಾಳಿತು. 1954ರಲ್ಲಿ ಮಾರಾಟ ಕುಸಿದು ಸಂಸ್ಥೆಯು ಮುಳುಗುವಂತಿದ್ದಾಗಲೇ, ಜಗತ್ತಿನ ಅತಿ ಕಠಿಣ ಪಂದ್ಯವಾದ ಐಲ್ ಆಫ್ ಮ್ಯಾನ್ ಸ್ಪರ್ಧೆಗೆ ಇಳಿಯುವುದಾಗಿ ಹೋಂಡಾ ಘೋಷಿಸಿದರು. 1959ರಲ್ಲಿ ಮೊದಲ ಬಾರಿ ಭಾಗವಹಿಸಿದಾಗ 125 ಸಿ.ಸಿ. ವರ್ಗದಲ್ಲಿ ನಾವೋಮಿ ತಾನಿಗುಚಿ ಆರನೆಯ ಸ್ಥಾನವನ್ನು ಗಳಿಸಿದರು. ಸಂಸ್ಥೆಗೆ ತಂಡದ ಪ್ರಶಸ್ತಿ ಲಭಿಸಿತು. 1961ರಲ್ಲಿ 125 ಮತ್ತು 250 ಸಿ.ಸಿ. ಎರಡೂ ವರ್ಗಗಳ ಗೆಲುವು ಹೋಂಡಾದ ಪಾಲಾಯಿತು.

ಆದರೆ ಪಂದ್ಯದ ಬಂಡಿಗಿಂತ ಹೆಚ್ಚು ಮಹತ್ವದ್ದು 1958ರ ಸೂಪರ್ ಕಬ್. 50 ಸಿ.ಸಿ.ಯ ಈ ಬಂಡಿಯಲ್ಲಿ ಕ್ಲಚ್ಚಿನ ಹಿಡಿಯೇ ಇರಲಿಲ್ಲ. ಖಾನಾವಳಿಯ ಹುಡುಗನು ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಓಡಿಸಲು ಬರುವಂತಿರಬೇಕೆಂಬುದು ಅದರ ವಿನ್ಯಾಸದ ಗುರಿಯಾಗಿತ್ತು. 2017ರ ವೇಳೆಗೆ ಈ ಮಾಲಿಕೆಯ ವಾಹನಗಳ ಒಟ್ಟು ಉತ್ಪಾದನೆ ಹತ್ತು ಕೋಟಿಯನ್ನು ಮುಟ್ಟಿತು.

ಹಠ ಮತ್ತು ಅದರ ಬೆಲೆ

ಮಹಾಪುರುಷರ ಚರಿತ್ರೆಯಲ್ಲಿ ಅವರ ದೋಷವನ್ನು ಮರೆಮಾಡುವುದು ಓದುಗರಿಗೆ ಮಾಡುವ ಉಪಕಾರವಲ್ಲ. ಹೋಂಡಾ ಮುಂಗೋಪಿಗಳು, ತಪ್ಪು ಕಂಡಾಗ ಕಿರಿಯ ಎಂಜಿನಿಯರರ ಮೇಲೆ ಕೈ ಮಾಡಿದುದೂ ಉಂಟು. ಎಂಜಿನ್ನನ್ನು ನೀರಿನಿಂದಲ್ಲ, ಗಾಳಿಯಿಂದಲೇ ತಂಪಾಗಿಸಬೇಕೆಂಬುದು ಅವರ ಅಚಲ ನಂಬಿಕೆ. ಮೋಟಾರ್ ಸೈಕಲ್ಲುಗಳಲ್ಲಿ ಆ ನಂಬಿಕೆ ಫಲ ನೀಡಿತ್ತು. ನಮ್ಮಲ್ಲಿ ಉಳಿದಿರುವ ಆ ನೂರು ಸಿ.ಸಿ. ಬಂಡಿಗಳೂ ಗಾಳಿಯಿಂದ ತಂಪಾಗುವಂಥವೇ. ಅದನ್ನೇ ಕಾರುಗಳಿಗೂ ಅನ್ವಯಿಸಬೇಕೆಂದು ಅವರು ಹಠ ಹಿಡಿದರು. 1968ರಲ್ಲಿ ಗಾಳಿಯಿಂದ ತಂಪಾಗುವ ಹೊಸ ಪಂದ್ಯದ ಕಾರನ್ನು ಫ್ರಾನ್ಸಿನ ಸ್ಪರ್ಧೆಗೆ ಇಳಿಸಲಾಯಿತು. ಅದು ಇನ್ನೂ ಸಿದ್ಧವಾಗಿಲ್ಲವೆಂದು ತಂಡದ ಮುಖ್ಯ ಚಾಲಕ ಜಾನ್ ಸರ್ಟೀಸ್ ಅದನ್ನು ಓಡಿಸಲು ಒಪ್ಪಿರಲಿಲ್ಲ. ಓಡಿಸಿದ ಫ್ರಾನ್ಸಿನ ಜೋ ಶ್ಲೆಸ್ಸರ್ ಅಪಘಾತದಲ್ಲಿ ಬೆಂದು ಮೃತರಾದರು.

ಕಿರಿಯ ಎಂಜಿನಿಯರರು ನೀರಿನ ವಿಧಾನವೇ ತಕ್ಕುದೆಂದು ವಾದಿಸಿದರೂ ಹೋಂಡಾ ಕೇಳಲಿಲ್ಲ. ವಾಹನಗಳ ಹೊಗೆಯನ್ನು ನಿಯಂತ್ರಿಸುವ ಕಟ್ಟುನಿಟ್ಟಾದ ಕಾಯಿದೆಗಳು ಬರುತ್ತಿದ್ದ ಕಾಲವದು. ಕೊನೆಗೆ ಫುಜಿಸಾವಾ ಮಧ್ಯೆ ಪ್ರವೇಶಿಸಿ, ತಾವು ಸಂಸ್ಥೆಯ ಅಧ್ಯಕ್ಷರಾಗಿರಬೇಕೋ ಎಂಜಿನಿಯರರಾಗಿರಬೇಕೋ ನಿರ್ಧರಿಸಬೇಕೆಂದು ಕೇಳಿಕೊಂಡರು. ಹೋಂಡಾ ಅಧ್ಯಕ್ಷತೆಯನ್ನು ಆರಿಸಿಕೊಂಡು, ಕಿರಿಯರಿಗೆ ದಾರಿ ಬಿಟ್ಟರು. ಆ ಕಿರಿಯರು ರೂಪಿಸಿದ ಸಿ.ವಿ.ಸಿ.ಸಿ. ಎಂಜಿನ್ನು ಅಮೆರಿಕದ 1970ರ ಶುದ್ಧ ವಾಯು ಕಾಯಿದೆಯ ನಿಯಮಗಳನ್ನು ಪೂರೈಸಿ ಜಗತ್ತನ್ನು ಬೆರಗುಗೊಳಿಸಿತು. ಅಮೆರಿಕದ ದೊಡ್ಡ ಸಂಸ್ಥೆಗಳನ್ನು ಮೀರುವ ಅವಕಾಶವೆಂದು ಹೋಂಡಾ ಹಿಗ್ಗಿದಾಗ, ತಾವು ದುಡಿಯುತ್ತಿರುವುದು ಸಮಾಜಕ್ಕಾಗಿ ಎಂಬ ಭಾವನೆಯನ್ನು ಎಂಜಿನಿಯರರು ವ್ಯಕ್ತಪಡಿಸಿದರು. ತಾವು ಹಿಂದೆ ಬಿದ್ದೆವೆಂಬುದು ಹೋಂಡಾರಿಗೆ ಆಗ ಮನವರಿಕೆಯಾಯಿತು.

ನಿವೃತ್ತಿ ಮತ್ತು ಅಂತ್ಯ

1973ರ ಅಕ್ಟೋಬರಿನಲ್ಲಿ ಹೋಂಡಾ ಮತ್ತು ಫುಜಿಸಾವಾ ಒಟ್ಟಿಗೆ ಅಧಿಕಾರವನ್ನು ಬಿಟ್ಟರು. 45 ವರ್ಷದ ಕಿಯೋಶಿ ಕವಾಶಿಮಾ ಅಧ್ಯಕ್ಷರಾದರು. ಹೋಂಡಾ ತಮ್ಮ ಮಗನಿಗೆ ಪೀಠವನ್ನು ಕಟ್ಟಿಕೊಡಲಿಲ್ಲ. ಸಂಸ್ಥೆಯು ಮನೆತನದ ಸೊತ್ತಲ್ಲವೆಂಬುದು ಅವರ ನಿಲುವಾಗಿತ್ತು. ಅಧಿಕಾರ ತೊರೆದ ಬಳಿಕ ಜಪಾನಿನುದ್ದಕ್ಕೂ ಸಂಚರಿಸಿ, ಕಾರ್ಖಾನೆಗಳಲ್ಲಿಯೂ ಮಾರಾಟದ ಅಂಗಡಿಗಳಲ್ಲಿಯೂ ದುಡಿಯುವವರ ಕೈಹಿಡಿದು ಕೃತಜ್ಞತೆ ಹೇಳಿದರು. ಎಣ್ಣೆ ಮೆತ್ತಿದ ಕೈಯನ್ನು ನಾಚಿ ಹಿಂದೆಗೆದವರ ಕೈಯನ್ನೂ ಹಿಡಿಯದೆ ಬಿಡಲಿಲ್ಲ. 1977ರಲ್ಲಿ ತಮ್ಮ ಬೆಂಜಿರೋ ಅವರೊಡನೆ ಹೋಂಡಾ ಪ್ರತಿಷ್ಠಾನವನ್ನು ಸ್ಥಾಪಿಸಿ, ಮನುಷ್ಯನಿಗೂ ಪರಿಸರಕ್ಕೂ ಹಿತವಾದ ತಂತ್ರಜ್ಞಾನಕ್ಕೆ ಪ್ರೋತ್ಸಾಹವಿತ್ತರು. 1991ನೆಯ ಆಗಸ್ಟ್ 5ರಂದು ನಿಧನ ಹೊಂದಿದರು. ಸಂಸ್ಥೆಯ ವತಿಯಿಂದ ದೊಡ್ಡ ಶವಸಂಸ್ಕಾರ ಮಾಡಿದರೆ ರಸ್ತೆಯ ಸಂಚಾರಕ್ಕೆ ಅಡ್ಡಿಯಾಗುವುದೆಂದು ಅವರು ಮೊದಲೇ ಬೇಡವೆಂದಿದ್ದರು, ಅಂತೆಯೇ ನಡೆಯಿತು.

ಉಪಸಂಹಾರ

ಭಾರತದಲ್ಲಿ 2021ರಲ್ಲಿ ಬಂದ ನಿಯಮದಂತೆ, 50 ವರ್ಷ ದಾಟಿದ ಹಾಗೂ ಮೂಲರೂಪದಲ್ಲಿ ಉಳಿಸಿದ ವಾಹನಗಳನ್ನು ಪಾರಂಪರಿಕ ವಾಹನಗಳೆಂದು ನೋಂದಾಯಿಸಬಹುದು. 1984-85ರ ಜಪಾನೀ ಬಂಡಿಗಳಿಗೆ ಆ ಅರ್ಹತೆ ದೊರೆಯುವುದು 2034ರ ನಂತರ. ಅಲ್ಲಿಯವರೆಗೆ ಅವುಗಳನ್ನು ಉಳಿಸುವವರು ನಮ್ಮ ಊರುಗಳ ಸಣ್ಣ ಷೆಡ್ಡುಗಳ ಕುಶಲಕರ್ಮಿಗಳೇ. ಅವರಲ್ಲಿ ಹಲವರ ಬಳಿ ಪ್ರಮಾಣಪತ್ರವಿಲ್ಲ. ಅವರ ವಿದ್ಯೆಯನ್ನು ಬರೆದಿಟ್ಟವರೂ ಇಲ್ಲ. ಒಬ್ಬ ಕುಶಲಕರ್ಮಿಯು ಕಣ್ಮುಚ್ಚಿದಾಗ ಕಿವಿಯಿಂದಲೇ ಎಂಜಿನ್ನಿನ ರೋಗವನ್ನು ಹೇಳುವ ವಿದ್ಯೆಯೂ ಅವನೊಡನೆ ಹೋಗುತ್ತದೆ.

ಹಮಾಮತ್ಸುವಿನ ತಾಂತ್ರಿಕ ಶಾಲೆಯು ಪ್ರಮಾಣಪತ್ರವನ್ನು ನಿರಾಕರಿಸಿದ್ದು ನಿಯಮದಂತೆ ಸರಿ. ಆದರೆ ಅದೇ ಶಾಲೆಯು ವಯಸ್ಸು ಮೀರಿದ ಅಂಗಡಿಯವನೊಬ್ಬನಿಗೆ ಬೆಂಚಿನ ಮೇಲೆ ಸ್ಥಳವನ್ನು ಕೊಟ್ಟಿತೆಂಬುದನ್ನು ಮರೆಯಲಾಗದು. ಆ ಸ್ಥಳ ದೊರೆಯದಿದ್ದರೆ ಉಂಗುರಗಳು ಬಿರುಕು ಬಿಡುತ್ತಲೇ ಇರುತ್ತಿದ್ದವು. ಶಾಲೆಗಳನ್ನು ನಡೆಸುವವರೂ, ಪಾಠ ಹೇಳುವವರೂ, ಉದಾರವಾಗಿ ದಾನ ನೀಡುವವರೂ ನೆನಪಿಡಬೇಕಾದುದು ಇದನ್ನು. ಓದುವ ಮಗುವಿಗೆ ಪುಸ್ತಕ ಹೇಗೋ ಹಾಗೆ, ಕೈಯಿಂದ ಕಲಿಯುವ ಮಗುವಿಗೆ ಅರ, ಸುತ್ತಿಗೆ, ಅಳತೆಯ ಉಪಕರಣಗಳುಳ್ಳ ಒಂದು ಕೊಠಡಿ ಅಗತ್ಯ. ಹಿರಿಯರಿಗೆ ಈ ಜೀವನವು ಕಲಿಸುವ ಪಾಠ ಬೇರೆ: ತಾನು ಕಟ್ಟಿದುದನ್ನು ತನಗಿಂತ ಚೆನ್ನಾಗಿ ನಡೆಸಬಲ್ಲ ಕಿರಿಯರು ಎದುರಿಗೆ ನಿಂತಾಗ, ಹಠವನ್ನು ಬಿಟ್ಟು ದಾರಿ ಕೊಡುವುದು. ಕಮ್ಮಾರನ ಮಗ ಸೊಯಿಚಿರೋ ಹೋಂಡಾ ಆ ಪಾಠವನ್ನು ತಡವಾಗಿ ಕಲಿತರು. ಕಲಿತ ಮೇಲೆ ಪೂರ್ಣವಾಗಿ ಆಚರಿಸಿದರು.