ನಿದ್ದೆಯ ನೆಲೆ ಕಂಡ ವೈದ್ಯ ಫಾನ್ ಎಕೊನೊಮೊ

1916ರ ಚಳಿಗಾಲದ ಹೊತ್ತಿಗೆ ವಿಯೆನ್ನಾದ ಮನೋರೋಗ ಚಿಕಿತ್ಸಾಲಯಕ್ಕೆ ವಿಚಿತ್ರ ರೋಗಿಗಳು ಬರತೊಡಗಿದರು. ತುತ್ತು ಬಾಯಲ್ಲಿರುವಾಗಲೇ ಅವರು ನಿದ್ದೆಗೆ ಜಾರುತ್ತಿದ್ದರು. ಕರೆದರೆ ಎಚ್ಚರಗೊಂಡು ಸರಿಯಾಗಿಯೇ ಉತ್ತರಿಸಿ, ಮರುಕ್ಷಣ ಮತ್ತೆ ನಿದ್ದೆ! ವಾರಗಟ್ಟಲೆ ಹಾಗೆ ಮಲಗಿದವರಲ್ಲಿ ಅನೇಕರು ಮತ್ತೆ ಏಳಲೇ ಇಲ್ಲ. ಕೆಲವರದು ಇದಕ್ಕೆ ತದ್ವಿರುದ್ಧ ಪಾಡು. ಹಗಲಿರುಳು ರೆಪ್ಪೆ ಮುಚ್ಚದು.

ಈ ಎರಡೂ ಬಗೆಯ ರೋಗಿಗಳನ್ನು ಒಂದೇ ವ್ಯಾಧಿಯ ಎರಡು ಮುಖವೆಂದು ಗುರುತಿಸಿದವರು ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ. 1876ರ ಆಗಸ್ಟ್ 21ರಂದು ರುಮೇನಿಯಾದ ಬ್ರಯಿಲಾದಲ್ಲಿ ಗ್ರೀಕ್ ಮೂಲದ ಸಿರಿವಂತ ಮನೆತನದಲ್ಲಿ ಜನನ. ಬೆಳೆದದ್ದು ಟ್ರಿಯೆಸ್ಟ್ ಬಂದರಿನಲ್ಲಿ. ತಂದೆಯ ಇಚ್ಛೆಯಂತೆ ಎಂಜಿನಿಯರಿಂಗ್ ಸೇರಿದರೂ, ಎರಡು ವರ್ಷಗಳಲ್ಲೇ ವೈದ್ಯಶಾಸ್ತ್ರಕ್ಕೆ ಹೊರಳಿ 1901ರಲ್ಲಿ ಪದವಿ ಪಡೆದರು. ಅವರ ಇನ್ನೊಂದು ಗೀಳು ವಿಮಾನ. ಆಸ್ಟ್ರಿಯಾದ ಮೊದಮೊದಲ ವಿಮಾನ ಚಾಲಕರಲ್ಲಿ ಅವರೂ ಒಬ್ಬರು. ಮೊದಲ ಮಹಾಯುದ್ಧದಲ್ಲಿ ರಣರಂಗದ ಮೇಲೂ ಹಾರಿದರು. 1916ರಲ್ಲಿ ತಮ್ಮಂದಿರಲ್ಲೊಬ್ಬ ಯುದ್ಧದಲ್ಲಿ ಮಡಿದಾಗ, ಹೆತ್ತವರ ಮೊರೆಗೆ ಮಣಿದು ವಿಯೆನ್ನಾಕ್ಕೆ ಮರಳಿ, ತಲೆಗೆ ಗಾಯವಾದ ಯೋಧರ ಶುಶ್ರೂಷೆಗೆ ನಿಂತರು. ಒಲ್ಲದ ಮನಸ್ಸಿನಿಂದಲೇ ಇರಬಹುದು; ವಿಜ್ಞಾನಕ್ಕಂತೂ ಅದು ಒಳಿತೇ ಆಯಿತು.

1917ರಲ್ಲಿ ಅವರು ಆ ಕಾಯಿಲೆಯನ್ನು ವಿವರಿಸಿ, ಎನ್ಸೆಫಲೈಟಿಸ್ ಲೆಥಾರ್ಜಿಕಾ ಎಂದು ಹೆಸರಿಟ್ಟರು. ಅದರ ಕಾರಣ ಇಂದಿಗೂ ಖಚಿತವಾಗಿಲ್ಲ. ಮೃತರ ಮಿದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಸದಾ ನಿದ್ರಿಸಿದವರಲ್ಲಿ ಹೈಪೊಥಲಾಮಸ್‌ನ ಹಿಂಭಾಗ, ಅದು ನಡುಮಿದುಳನ್ನು ಕೂಡುವೆಡೆ ಹಾಳಾಗಿತ್ತು. ನಿದ್ದೆಗೆಟ್ಟವರಲ್ಲಿ ಮುಂಭಾಗ. ಅಂದರೆ ಎಚ್ಚರಿಸುವ ನೆಲೆಯೊಂದು, ಮಲಗಿಸುವ ನೆಲೆಯೊಂದು! ಇಂದ್ರಿಯಗಳ ಕರೆ ತಗ್ಗಿದಾಗ ಮಿದುಳು ತಾನಾಗಿ ಮಂಕಾಗುವುದೇ ನಿದ್ದೆ ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಇದು ದಿಟ್ಟ ಮಾತೇ ಸರಿ.

1925ರಲ್ಲಿ ಕೊಸ್ಕಿನಾಸ್ ಜತೆಗೂಡಿ ಮಿದುಳ ಹೊರಪದರದ ಜೀವಕೋಶಗಳ ಬೃಹತ್ ನಕ್ಷೆಯನ್ನೂ ಹೊರತಂದ ಅವರು, 1931ರ ಅಕ್ಟೋಬರ್ 21ರಂದು ಹೃದ್ರೋಗದಿಂದ ತೀರಿಕೊಂಡರು. ಆಗ ವಯಸ್ಸು 55.

1972ರಲ್ಲಿ ಹಗಲಿರುಳಿನ ಲಯ ಕಾಯುವ ಗಡಿಯಾರವೂ ಅದೇ ಹೈಪೊಥಲಾಮಸ್‌ನಲ್ಲಿ, ಕಣ್ಣಿನ ನರಗಳು ಹೆಣೆದುಕೊಳ್ಳುವ ತಾಣದ ಮೇಲೆ ಪತ್ತೆಯಾಯಿತು. ನಿದ್ದೆ ತರುವ ಕೋಶಗಳು ಮುಂಭಾಗದಲ್ಲಿ ಸಿಕ್ಕಿದ್ದು 1996ರಲ್ಲಿ. ಹಗಲಲ್ಲೇ ತಟ್ಟನೆ ನಿದ್ದೆಗೆ ಕೆಡಹುವ ನಾರ್ಕೊಲೆಪ್ಸಿಗೂ ಹಿಂಭಾಗದ ಊನವೇ ಕಾರಣವೆಂದು ಎಕೊನೊಮೊ ಊಹಿಸಿದ್ದರು. ಆ ರೋಗಿಗಳ ಹೈಪೊಥಲಾಮಸ್‌ನಲ್ಲಿ ಎಚ್ಚರ ಕಾಯುವ ಒರೆಕ್ಸಿನ್ ಕೋಶಗಳು ನಶಿಸಿರುವುದು 2000ದಲ್ಲಿ ಕಂಡುಬಂತು.