ಕೊಳದ ಕೀಟವೂ ತಿರಸ್ಕೃತ ಪ್ರಬಂಧವೂ

ಕಡತದಲ್ಲಿ ಇಬ್ಬರು ತಜ್ಞರು ಪ್ರತಿಕೂಲ ಅಭಿಪ್ರಾಯ ಬರೆದಿದ್ದರೆ ಪ್ರಸ್ತಾವವನ್ನು ತಿರಸ್ಕರಿಸುವುದು ಅಧಿಕಾರಿಗೆ ಬಲು ಸುಲಭ. ಸರ್ಕಾರಿ ಸೇವೆಯಲ್ಲಿದ್ದಾಗ ನಾನೂ ಅಂಥ ಹಲವು ಕಡತಗಳಿಗೆ ಸಹಿ ಹಾಕಿದ್ದೇನೆ. ಅವುಗಳಲ್ಲಿ ಎಷ್ಟು ಉಳಿಯಲು ಅರ್ಹವಾಗಿದ್ದವು ಎಂಬ ಪ್ರಶ್ನೆ ಕಾಡತೊಡಗಿದ್ದು ನಿವೃತ್ತಿಯ ನಂತರ. ಜಾರ್ಜ್ ಎವೆಲಿನ್ ಹಚಿನ್ಸನ್ ಅವರ ಜೀವನವನ್ನು ಓದುವಾಗಲೆಲ್ಲ ಆ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ.

ಆಧುನಿಕ ಪರಿಸರ ವಿಜ್ಞಾನದ ಪಿತಾಮಹರೆಂದು ಹಲವರು ಗೌರವಿಸುವ ಹಚಿನ್ಸನ್ ಜನಿಸಿದ್ದು 1903ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ತಂದೆ ಖನಿಜಶಾಸ್ತ್ರಜ್ಞರು. ಮಗನಿಗೆ ಚಿಕ್ಕಂದಿನಿಂದಲೂ ಕೊಳದ ಕೀಟಗಳ ಹುಚ್ಚು. ನೀರಿನಲ್ಲಿ ಈಜುವ ಮಿಡತೆಯೊಂದನ್ನು ಕುರಿತ ಅವರ ಮೊದಲ ಬರಹ ಅಚ್ಚಾದಾಗ ಅವರಿಗೆ 15 ವರ್ಷ. ಕೇಂಬ್ರಿಜ್‌ನಲ್ಲಿ ಪ್ರಾಣಿಶಾಸ್ತ್ರ ಓದಿ, 1926ರಲ್ಲಿ ಜೋಹಾನ್ಸ್‌ಬರ್ಗ್‌ನ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದರು. ಅಲ್ಲಿ ವಿಭಾಗದ ಮುಖ್ಯಸ್ಥರು ಅವರನ್ನು ಬೋಧನೆಯಿಂದಲೇ ಹೊರಗಿಟ್ಟರು. ಈ ಅವಮಾನದ ನಡುವೆ ದೊರೆತ ಬಿಡುವನ್ನು ಅವರು ವ್ಯರ್ಥಗೊಳಿಸಲಿಲ್ಲ. ಪತ್ನಿ, ಜೀವವಿಜ್ಞಾನಿ ಗ್ರೇಸ್ ಪಿಕ್‌ಫರ್ಡ್ ಅವರೊಡನೆ ಕೇಪ್‌ಟೌನ್ ಸುತ್ತಲಿನ ಆಳವಿಲ್ಲದ ಸರೋವರಗಳನ್ನು ಅಭ್ಯಸಿಸಿದರು. ದಕ್ಷಿಣ ಆಫ್ರಿಕದ ನೀರುತಿಗಣೆಗಳ ಕುರಿತ ಅವರ ಗ್ರಂಥ 1929ರಲ್ಲಿ ಪ್ರಕಟವಾಯಿತು. ಬಾಲ್ಯದ ಹುಚ್ಚು ಜೀವನದ ದಾರಿಯಾದದ್ದು ಹೀಗೆ.

1928ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಅವರಿಗೆ ಒಂದು ಕಿರಿಯ ಹುದ್ದೆ ನೀಡಿತು. 1971ರಲ್ಲಿ ನಿವೃತ್ತರಾಗುವವರೆಗೂ ಅವರು ಅಲ್ಲಿಯೇ ಇದ್ದರು. ವಿಶೇಷವೆಂದರೆ, ಅನೇಕರಿಗೆ ಡಾಕ್ಟರೇಟ್ ದೊರಕಿಸಿಕೊಟ್ಟ ಈ ಪ್ರಾಧ್ಯಾಪಕರು ಸ್ವತಃ ಪಿಎಚ್.ಡಿ. ಮಾಡಿರಲೇ ಇಲ್ಲ. 1932ರಲ್ಲಿ ಯೇಲ್‌ನ ಸಂಶೋಧನಾ ತಂಡದೊಂದಿಗೆ ಭಾರತಕ್ಕೂ ಬಂದರು. 4,000 ಮೀಟರಿಗೂ ಎತ್ತರದಲ್ಲಿರುವ ಪ್ಯಾಂಗಾಂಗ್ ಮೊದಲಾದ ಲಡಾಖಿನ ಸರೋವರಗಳ ನೀರನ್ನೂ ಜೀವಿಗಳನ್ನೂ ಪರಿಶೀಲಿಸಿದರು. ಆ ಪ್ರವಾಸದ ಫಲವಾಗಿ ಒಂದು ಸೊಗಸಾದ ಪುಸ್ತಕವೂ ಹೊರಬಂತು.

1941ರಲ್ಲಿ ರೇಮಂಡ್ ಲಿಂಡೆಮನ್ ಎಂಬ ತರುಣ ಅವರ ಬಳಿ ಬಂದ. ಮಿನೆಸೋಟದ ಒಂದು ಸಣ್ಣ ಜೌಗು ಸರೋವರವನ್ನು ವರ್ಷಗಟ್ಟಲೆ ಅಳೆದಿದ್ದ ಆತ, ಸೂರ್ಯನಿಂದ ಬಂದ ಶಕ್ತಿ ಸಸ್ಯಗಳಿಂದ ಸಸ್ಯಾಹಾರಿಗಳಿಗೆ, ಅವುಗಳಿಂದ ಬೇಟೆಗಾರ ಜೀವಿಗಳಿಗೆ ಸಾಗುವಾಗ ಹಂತಹಂತವಾಗಿ ಎಷ್ಟು ಕರಗುತ್ತದೆ ಎಂಬ ಲೆಕ್ಕ ಹಾಕಿದ್ದ. ಅರ್ಥಶಾಸ್ತ್ರ ಓದಿದ ನನಗೆ ಇದು ಪ್ರಕೃತಿಯ ಆಯವ್ಯಯ ಪತ್ರದಂತೆ ಕಾಣುತ್ತದೆ. ಆದರೆ ಪ್ರಬಂಧವನ್ನು ಪರಿಶೀಲಿಸಿದ ಇಬ್ಬರು ಹಿರಿಯ ಸರೋವರ ವಿಜ್ಞಾನಿಗಳು ಇದರಲ್ಲಿ ಸಿದ್ಧಾಂತ ಹೆಚ್ಚು, ಮಾಹಿತಿ ಕಡಿಮೆ ಎಂದು ಅದನ್ನು ತಳ್ಳಿಹಾಕಿದರು. ಹಚಿನ್ಸನ್ ಸುಮ್ಮನಿರಲಿಲ್ಲ. ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು ಪ್ರಬಂಧದ ಪರವಾಗಿ ವಾದಿಸಿದರು. ಸಂಪಾದಕ ಥಾಮಸ್ ಪಾರ್ಕ್ ಒಪ್ಪಿದರು. 1942ರ ಅಕ್ಟೋಬರಿನಲ್ಲಿ ಅದು ಅಚ್ಚಾಗುವ ವೇಳೆಗೆ ಲಿಂಡೆಮನ್ ಬದುಕಿರಲಿಲ್ಲ; ಕೆಲವೇ ತಿಂಗಳ ಹಿಂದೆ, 27ನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡಿದ್ದ. ಇಂದು ಆ ಪ್ರಬಂಧವಿಲ್ಲದೆ ಪರಿಸರ ವಿಜ್ಞಾನದ ಪಾಠವಿಲ್ಲ.

ಜಲಕೀಟಗಳು ಮಾತ್ರ ಹಚಿನ್ಸನ್ನರನ್ನು ಬಿಡಲಿಲ್ಲ. ಸಿಸಿಲಿಯ ಪಲೆರ್ಮೊ ನಗರದ ಬಳಿ ಬೆಟ್ಟವೊಂದರ ಗುಹೆಯಲ್ಲಿ ಸಂತ ರೊಸಾಲಿಯಾಳ ಪುಣ್ಯಕ್ಷೇತ್ರವಿದೆ. ಅದರ ಕೆಳಗಿನ ಸಣ್ಣ ಕೊಳದಲ್ಲಿ, ಹಿಂಗಾಲುಗಳನ್ನೇ ದೋಣಿಯ ಹುಟ್ಟಿನಂತೆ ಬೀಸಿ ಈಜುವ ನೀರುತಿಗಣೆಗಳ ಎರಡು ಪ್ರಭೇದಗಳು ಅವರಿಗೆ ಕಂಡವು. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡದರ ಸಂತಾನಕಾಲ ಮುಗಿಯುತ್ತ ಬಂದಂತಿತ್ತು, ಚಿಕ್ಕದರದು ಆಗತಾನೇ ಆರಂಭವಾದಂತಿತ್ತು. ಪ್ರಭೇದಗಳು ಎರಡೇ ಏಕೆ, 20 ಅಥವಾ 200 ಏಕಲ್ಲ ಎಂದು ಅವರು ಕೇಳಿಕೊಂಡರು. ಆ ಪ್ರಶ್ನೆಯೇ ಬೆಳೆದು, ಭೂಮಿಯ ಮೇಲೆ ಇಷ್ಟೊಂದು ಬಗೆಯ ಪ್ರಾಣಿಗಳು ಏಕಿವೆ ಎಂಬ 1959ರ ಪ್ರಸಿದ್ಧ ಲೇಖನವಾಯಿತು. ಒಂದೇ ಬಗೆಯ ಆಹಾರವನ್ನು ಅವಲಂಬಿಸಿ ಜೊತೆಯಾಗಿ ಬಾಳುವ ಪ್ರಭೇದಗಳ ಗಾತ್ರದಲ್ಲಿ ಸುಮಾರು 1.3ರ ಅನುಪಾತವಿರಬಹುದೆಂದು ಅವರು ಸೂಚಿಸಿದರು. ಈ ಸಂಖ್ಯೆಯನ್ನು ನಂತರದ ವಿಜ್ಞಾನಿಗಳು ಕಟುವಾಗಿ ವಿಮರ್ಶಿಸಿದರು. ಅದು ನಿಯಮವಾಗಿ ನಿಲ್ಲಲಿಲ್ಲ. ಪ್ರಶ್ನೆ ಮಾತ್ರ ನಿಂತಿತು. ಅವರ ಶಿಷ್ಯ ರಾಬರ್ಟ್ ಮ್ಯಾಕ್‌ಆರ್ಥರ್ ಅದನ್ನು ಗಣಿತದ ಭಾಷೆಯಲ್ಲಿ ಮುಂದಕ್ಕೊಯ್ದರು. ಹೊವಾರ್ಡ್ ಓಡಮ್, ಲಾರೆನ್ಸ್ ಸ್ಲೊಬೊಡ್ಕಿನ್, ಥಾಮಸ್ ಲವ್‌ಜಾಯ್ ಕೂಡ ಅವರ ಶಿಷ್ಯರೇ. ಒಬ್ಬೊಬ್ಬರದೂ ಒಂದೊಂದು ದಾರಿ. ಗುರುವಿನ ಪಡಿಯಚ್ಚು ಯಾರೂ ಆಗಲಿಲ್ಲ.

ಹಚಿನ್ಸನ್ 1991ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ಸರೋವರ ವಿಜ್ಞಾನದ ಅವರ ಮಹಾಗ್ರಂಥದ ನಾಲ್ಕನೆಯ ಸಂಪುಟ ಹೊರಬಂದದ್ದು ಅವರ ಮರಣಾನಂತರ, 1993ರಲ್ಲಿ.

ನಿಯಮಗಳ ನಡುವೆಯೇ ಬದುಕು ಸವೆಸಿದವನು ನಾನು. ಅರ್ಹತೆಯ ಮಾನದಂಡಗಳು, ತಜ್ಞರ ಪರಿಶೀಲನೆ ಬೇಡವೆಂದು ಹೇಳಲಾರೆ. ಅವಿಲ್ಲದಿದ್ದರೆ ಶಿಫಾರಸಿನದೇ ರಾಜ್ಯ. ಆದರೆ ಡಾಕ್ಟರೇಟ್ ಇಲ್ಲದ, ಒಮ್ಮೆ ಬೋಧನೆಯಿಂದ ಹೊರಬಿದ್ದ ಇಂಥವರೊಬ್ಬರು ಇಂದು ನಮ್ಮ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕರಾಗುವುದು ಕಷ್ಟ. ಅವರ ಅರ್ಜಿ ಬಹುಶಃ ಗುಮಾಸ್ತರ ಮೇಜಿನಲ್ಲೇ ಉಳಿದೀತು. ಲಿಂಡೆಮನ್ ಪ್ರಬಂಧ ಉಳಿದದ್ದು ನಿಯಮ ಸಡಿಲಿಸಿದ್ದರಿಂದಲ್ಲ, ಪ್ರತಿಕೂಲ ಟಿಪ್ಪಣಿಗಳನ್ನು ದಾಟಿ ಒಬ್ಬರು ಮೂಲ ಬರಹವನ್ನೇ ಓದಿದ್ದರಿಂದ. ನಾನು ಸಹಿ ಹಾಕಿದ ಆ ಕಡತಗಳಲ್ಲಿ ಕೆಲವನ್ನಾದರೂ ಹಾಗೆ ಓದಬೇಕಿತ್ತು.